ಎಡಗಡೆ ಗಾಲಿಯ ನಾಲ್ಕು ನಟ್ಟು

ನನ್ನ ತಮ್ಮನ ಮದುವೆ ಒಂದು ನಟ್ಟಿನಿಂದ ತಪ್ಪಿತು ಎಂದು ನಮ್ಮ ಮನೆಯಲ್ಲಿ ಹೇಳುತ್ತಾರೆ. ಹೇಳಿಕೊಳ್ಳಲಿ ಎಂದು ನಾನೂ ಬಿಟ್ಟಿದ್ದೇನೆ. ನಟ್ಟು ತಿರುಗಿ ಜಗಳಕ್ಕೆ ಬರುವುದಿಲ್ಲವಲ್ಲ. ಆದರೆ ನಟ್ಟಿಗೆ ಬಾಯಿ ಇರಲಿಲ್ಲ, ಬಾಯಿ ಇದ್ದದ್ದು ನನಗೆ. ಅವತ್ತು ನಡೆದದ್ದನ್ನು ನಡೆದ ಹಾಗೆ ಬರೆಯಲು ಈಗ ಕೂತಿದ್ದೇನೆ. ನನ್ನ ಬಗ್ಗೆ ಒಳ್ಳೆಯ ಮಾತು ಇದರಲ್ಲಿ ಸಿಗುವುದಿಲ್ಲ, ಹುಡುಕಬೇಡಿ.

ನಾನು ಹದಿನಾಲ್ಕು ವರ್ಷ ಬಾಡಿಗೆ ಜೀಪು ಓಡಿಸಿದವನು. ರಾಯದುರ್ಗದ ಸ್ಟ್ಯಾಂಡಿನಿಂದ ಬೊಮ್ಮನಹಾಳಿಗೆ ದಿನಕ್ಕೆ ನಾಲ್ಕು ಟ್ರಿಪ್ಪು, ಶನಿವಾರ ನೇಮಕಲ್ಲಿನ ಆಂಜನೇಯನ ಭಕ್ತರಿಗೆಂದು ಇನ್ನೂ ಎರಡು. ಒಂಬತ್ತು ಜನ ಕೂರುವ ಜೀಪಿನಲ್ಲಿ ಹದಿನೆಂಟು ಜನರನ್ನು ತುಂಬುತ್ತಿದ್ದೆ. ಕಾಲು ನೋಯುತ್ತದೆ ಎಂದ ಮುದುಕರಿಗೆ ಕಾಲು ಮನೆಯಲ್ಲಿಟ್ಟು ಬರ್ರಿ ಎನ್ನುತ್ತಿದ್ದೆ. ಜನ ನಗುತ್ತಿದ್ದರು. ನಾನು ತಮಾಷೆಯವನು ಎಂದು ಹೆಸರಾಗಿತ್ತು.

ಆ ಹಳೇ ಜೀಪಿನದೊಂದು ವಿಚಿತ್ರವಿತ್ತು. ಬಲಗಡೆಯ ಗಾಲಿಗಳ ನಟ್ಟು ಲೋಕದ ಎಲ್ಲ ನಟ್ಟುಗಳಂತೆ ಎಡಕ್ಕೆ ತಿರುವಿದರೆ ಬಿಚ್ಚುತ್ತಿದ್ದವು. ಎಡಗಡೆಯ ಗಾಲಿಗಳದು ಉಲ್ಟಾ ಥ್ರೆಡ್. ಅವನ್ನು ಬಿಚ್ಚಬೇಕಾದರೆ ಬಲಕ್ಕೆ ತಿರುವಬೇಕು. ಓಡುವಾಗ ತಾವಾಗಿಯೇ ಸಡಿಲವಾಗಬಾರದೆಂದು ಹಾಗೆ ಮಾಡಿದ್ದರಂತೆ. ಗೊತ್ತಿಲ್ಲದವನು ಎಡಗಡೆ ಗಾಲಿಗೆ ಕೈ ಹಾಕಿದರೆ ಬಿಚ್ಚುತ್ತೇನೆ ಅಂದುಕೊಂಡು ಬಿಗಿಯುತ್ತಾ ಹೋಗುತ್ತಾನೆ, ಕೊನೆಗೆ ಬೋಲ್ಟು ಮುರಿಯುತ್ತದೆ.

ಬಸ್ ಸ್ಟ್ಯಾಂಡಿನ ಹತ್ತಿರ ಹೊಸದಾಗಿ ಪಂಕ್ಚರ್ ಅಂಗಡಿ ಇಟ್ಟವನೊಬ್ಬ ಹೀಗೆಯೇ ನನ್ನ ಜೀಪಿನ ಬೋಲ್ಟು ಮುರಿದ. ಬೇರೆಯವರಾಗಿದ್ದರೆ ಎರಡು ಬೈದು ಹೊಸ ಬೋಲ್ಟು ಹಾಕಿಸಿಕೊಂಡು ಹೋಗುತ್ತಿದ್ದರು. ನಾನು ಸ್ಟ್ಯಾಂಡಿನಲ್ಲಿದ್ದವರನ್ನೆಲ್ಲ ಕರೆದೆ. "ಬರ್ರಿ, ಬರ್ರಿ. ನಟ್ಟು ಯಾವ ಕಡಿ ತಿರುಗ್ತೈತಿ ಅಂತ ಗೊತ್ತಿಲ್ಲದೋನು ಅಂಗಡಿ ಇಟ್ಟಾನ ನೋಡ್ರಿ" ಅಂದೆ. ಅವನ ಕೈಗೆ ನಟ್ಟು ತಿರುವುವ ಪಾನಾ ಕೊಟ್ಟು, ಗಾಳಿಯಲ್ಲೇ ಬಲಕ್ಕೆ ಇಪ್ಪತ್ತು ಸಲ ತಿರುವು, ಅಭ್ಯಾಸ ಆಗಲಿ ಎಂದೆ. ಅವನು ತಿರುವಿದ. ಹತ್ತಕ್ಕೆ ನಿಲ್ಲಿಸಲು ಹೋದ, ನಾನು ಬಿಡಲಿಲ್ಲ. ಎರಡು ತಿಂಗಳೊಳಗೆ ಅವನು ಅಂಗಡಿ ಎತ್ತಿದ. ನನಗೆ ಬೇಸರವೇನೂ ಆಗಲಿಲ್ಲ. ಅಲ್ಲಿಂದಾಚೆಗೆ ಸ್ಟ್ಯಾಂಡಿನಲ್ಲಿ ಗಾಲಿಯ ವಿಷಯ ಬಂದರೆ ಎಲ್ಲರೂ ನನ್ನನ್ನೇ ಕೇಳುತ್ತಿದ್ದರು.

ತಮ್ಮ ನನಗಿಂತ ಹತ್ತು ವರ್ಷ ಚಿಕ್ಕವನು. ಅಪ್ಪ ಅವ್ವ ಬೇಗ ಹೋದರು. ಅವನನ್ನು ಸಾಕಿದ್ದು ನಾನು ಎಂದು ಎಲ್ಲರೆದುರು ಹೇಳುತ್ತೇನೆ, ಅದು ನಿಜವೂ ಹೌದು. ಹತ್ತನೇ ತರಗತಿ ಆದಮೇಲೆ ಬಳ್ಳಾರಿಯಲ್ಲಿ ಐಟಿಐ ಸೇರುತ್ತೇನೆ ಅಂದ. ಬೇಡ ಎಂದು ಊರಲ್ಲೇ ಜೀನ್ಸ್ ಹೊಲಿಯುವ ಯೂನಿಟ್ಟಿಗೆ ಹಾಕಿದೆ. ಯಾಕ ಎಂದು ಒಂದು ಮಾತು ಕೇಳಲಿಲ್ಲ. ಮೊದಲು ದಾರ ಕತ್ತರಿಸುವ ಕೆಲಸ ಮಾಡಿದ, ಆಮೇಲೆ ಮಿಷಿನ್ನುಗಳ ಹೊಟ್ಟೆಯೊಳಗೆ ಕೈ ಹಾಕಲು ಕಲಿತ. ಈಗ ಆ ಯೂನಿಟ್ಟಿನ ಅರವತ್ತು ಮಿಷಿನ್ನುಗಳೂ ಅವನ ಕೈಯಲ್ಲೇ ಇವೆ. ಕೆಟ್ಟ ಮಿಷಿನ್ನಿನ ಸದ್ದು ಕೇಳಿಯೇ ಯಾವ ಸ್ಕ್ರೂ ಸಡಿಲವಾಗಿದೆ ಎಂದು ಹೇಳುತ್ತಾನಂತೆ. ಇದನ್ನು ನನಗೆ ಹೇಳಿದವರು ಬೇರೆಯವರು. ಅವನು ತನ್ನ ಬಗ್ಗೆ ಏನೂ ಹೇಳಿಕೊಳ್ಳುವವನಲ್ಲ.

ಅವನಿಗೆ ಮೂವತ್ತನಾಲ್ಕು ತುಂಬಿತು. ಹೆಣ್ಣು ಸಿಗಲಿಲ್ಲ. ಕೆಲವರು ಫೋಟೋ ನೋಡಿ ಸುಮ್ಮನಾದರು, ಕೆಲವರು ಸಂಬಳ ಕೇಳಿ ಸುಮ್ಮನಾದರು. ಎರಡು ವರ್ಷ ಯಾರೂ ಬರ್ರಿ ಎಂದೇ ಅನ್ನಲಿಲ್ಲ. ಆಗ ನಮ್ಮ ಸೋದರತ್ತೆ ಮಡಕಶಿರಾದ ಕಡೆ ಒಂದು ಸಂಬಂಧ ಹಿಡಿದು ತಂದಳು. ಅತ್ತೆ ಗಂಡ ಸತ್ತಮೇಲೆ ನಮ್ಮ ಮನೆಯಲ್ಲೇ ಇರುವವಳು, ಅವಳ ಗಂಡನ ಕಡೆಯವರೆಲ್ಲ ಆ ಸೀಮೆಯವರು. ಹುಡುಗಿ ಮನೆಯಲ್ಲೇ ಬ್ಲೌಸು ಹೊಲಿಯುತ್ತಾಳೆ, ಒಬ್ಬಳೇ ಮಗಳು. ಅಪ್ಪ ಹಿಪ್ಪುನೇರಳೆ ಬೆಳೆಸಿ ರೇಷ್ಮೆ ಹುಳ ಸಾಕುತ್ತಾರೆ, ಸ್ವಂತ ಟ್ರ್ಯಾಕ್ಟರ್ ಇದೆ. ಅವರು ಒಂದೇ ಮಾತು ಕೇಳಿದರಂತೆ, ಹುಡುಗನ ಕೈಯಲ್ಲಿ ಕಸುಬು ಐತಾ ಅಂತ. ಮಿಷಿನ್ ಮೆಕ್ಯಾನಿಕ್ಕು ಎಂದು ಅತ್ತೆ ಹೇಳಿದ್ದೇ, ಕರ್ಕೊಂಡು ಬರ್ರಿ ಅಂದರಂತೆ.

ತಮ್ಮನ ಫೋನಿನಲ್ಲಿ ಆ ಹುಡುಗಿಯ ಫೋಟೋ ಇತ್ತು. ಊಟ ಮಾಡುವಾಗ ತಟ್ಟೆಯ ಪಕ್ಕದಲ್ಲಿ ಫೋನಿಟ್ಟುಕೊಂಡು ನೋಡುವುದನ್ನು ನಾನು ಮೂರು ಸಲ ಹಿಡಿದೆ. ಮೂರನೇ ಸಲ, "ಅದನ್ನ ಅನ್ನಕ್ಕ ಕಲಸಿಕೊಂಡು ಉಣ್ಣು" ಎಂದು ಹೆಂಡತಿಯ ಎದುರೇ ಅಂದೆ. ಅವನು ಕೆಂಪಾಗಿ ಎದ್ದು ಹೋದ. ಮೂವತ್ತನಾಲ್ಕು ವರ್ಷದಲ್ಲಿ ಅವನು ಬೇಕು ಎಂದು ಆಸೆಪಟ್ಟ ಎರಡನೆಯ ಸಂಗತಿ ಅದು. ಮೊದಲನೆಯದು ಐಟಿಐ.

ಬುಧವಾರ ಹೊರಟೆವು. ನಾನು, ನನ್ನ ಹೆಂಡತಿ, ಅತ್ತೆ, ತಮ್ಮ. ಮಧ್ಯಾಹ್ನ ಹನ್ನೆರಡಕ್ಕೆ ರಾಹುಕಾಲ ಹಿಡಿಯುತ್ತದೆ, ಅದಕ್ಕೂ ಮೊದಲು ಹುಡುಗಿಯ ಮನೆಯ ಹೊಸ್ತಿಲು ದಾಟಬೇಕು ಎಂದು ಅತ್ತೆ ಹಿಂದಿನ ದಿನದಿಂದಲೇ ಶುರು ಮಾಡಿದ್ದಳು. ಏಳಕ್ಕೇ ಗಾಡಿ ತೆಗೆದೆ. ಜೀಪು ಮಾರಿ ಒಂದು ವರ್ಷವಾಗಿತ್ತು. ಅದರ ಬದಲು ಕೊಂಡ ಈ ಕಾರು ಯಾರೋ ಓಡಿಸಿ ಬಿಟ್ಟದ್ದು, ಆದರೆ ನನ್ನದು. ಅದರ ಗಾಲಿ ಬಿಚ್ಚುವ ಕೆಲಸ ಒಮ್ಮೆಯೂ ನನ್ನ ಮೇಲೆ ಬಿದ್ದಿರಲಿಲ್ಲ. ಊರಲ್ಲಿ ಪಂಕ್ಚರ್ ಆದರೆ ಅಂಗಡಿಯವರು ಗಾಳಿ ಗನ್ನಿನಿಂದ ಬಿಚ್ಚಿ ಅದರಿಂದಲೇ ಬಿಗಿಯುತ್ತಿದ್ದರು, ನಾನು ಪಕ್ಕದಲ್ಲಿ ಚಾ ಕುಡಿಯುತ್ತಿದ್ದೆ.

ಕಲ್ಯಾಣದುರ್ಗದಲ್ಲಿ ಇಡ್ಲಿ ತಿಂದು ಮುಂದೆ ಹೋದೆವು. ಮಡಕಶಿರಾ ಇನ್ನು ಏಳೆಂಟು ಕಿಲೋಮೀಟರ್ ಇರುವಾಗ ಹಿಂದಿನ ಎಡಗಡೆ ಗಾಲಿ ಪಂಕ್ಚರಾಗಿ ಕೂತಿತು. ಗಂಟೆ ಹತ್ತೂಮುಕ್ಕಾಲು. "ಹತ್ತು ನಿಮಿಷದ ಕೆಲ್ಸ, ಯಾರೂ ಬಾಯಿ ಮಾಡಬ್ಯಾಡ್ರಿ" ಅಂದೆ. ಹೆಂಗಸರಿಬ್ಬರೂ ರಸ್ತೆಯಾಚೆಯ ಹುಣಸೆಮರದ ನೆರಳಿಗೆ ಹೋದರು. ತಮ್ಮ ತೋಳು ಮಡಚುತ್ತಾ ಬಂದ. ಬಿಳಿ ಅಂಗಿ ಹಾಕಿದ್ದ, ಇಸ್ತ್ರಿಯ ಗೆರೆ ಇನ್ನೂ ಅಳಿಸಿರಲಿಲ್ಲ. "ದೂರ ನಿಂದ್ರು, ಮದುಮಗ" ಎಂದು ಕೈ ಅಡ್ಡ ಹಿಡಿದೆ.

ಸ್ಟೆಪ್ನಿ ಇಳಿಸಿ, ಪಾನಾ ತೆಗೆದು ಮೊದಲ ನಟ್ಟಿಗೆ ಹಾಕಿದೆ. ಎಡಗಡೆ ಗಾಲಿ. ನನ್ನ ಕೈ ತಾನಾಗಿಯೇ ಬಲಕ್ಕೆ ಹೋಯಿತು. ಹದಿನಾಲ್ಕು ವರ್ಷ ಹೋದ ಕಡೆಗೇ ಹೋಯಿತು. ನಟ್ಟು ಜಗ್ಗಲಿಲ್ಲ. ಗನ್ನಿನಿಂದ ಬಿಗಿದದ್ದು ಯಾವ ಕಡೆಗೂ ಸುಲಭಕ್ಕೆ ಜಗ್ಗುವುದಿಲ್ಲ. ಪಾನಾದ ಮೇಲೆ ಕಾಲಿಟ್ಟು ತುಳಿದೆ. ನಟ್ಟು ಕಾಲು ಸುತ್ತು ತಿರುಗಿತು. ನೋಡಿದ್ಯಾ ಎಂದು ತಮ್ಮನ ಕಡೆ ತಿರುಗಿದೆ.

ಅವನು ಬಗ್ಗಿ ನೋಡುತ್ತಿದ್ದ. "ಅಣ್ಣಾ, ಆ ಕಡಿ ಬಿಟ್ಟು ಈ ಕಡಿ ಒಮ್ಮಿ ತಿರುವಿ ನೋಡಾಣೇನು?" ಅಂದ. ಮೆಲ್ಲಗೆ, ಹೆಂಗಸರಿಗೆ ಕೇಳಿಸದ ಹಾಗೆ ಅಂದ. ಅಷ್ಟು ಮೆಲ್ಲಗೆ ಅಂದದ್ದೇ ನನಗೆ ಉರಿಯಿತು.

"ನೀ ಹೊಲಿಯೋ ಮಿಷಿನ್ನಿನ ಸೂಜಿ ಬದಲಾಯ್ಸೋನು. ಗಾಲಿ ಮಾತು ನನ್ನ ಹತ್ರ ಆಡಬ್ಯಾಡ" ಅಂದೆ. ನಾನು ಮೆಲ್ಲಗೆ ಅನ್ನಲಿಲ್ಲ. ಮರದ ಕೆಳಗೆ ಅತ್ತೆ ತಲೆ ಎತ್ತಿದಳು.

ಅವನು ಹಿಂದೆ ಸರಿದ. ನಾನು ನಾಲ್ಕು ನಟ್ಟುಗಳಿಗೂ ಒಂದೊಂದಾಗಿ ಪಾನಾ ಹಾಕಿ ಬಲಕ್ಕೆ ತುಳಿದೆ. ಒಂದೊಂದೂ ಸ್ವಲ್ಪ ಸ್ವಲ್ಪ ತಿರುಗಿ ಕಲ್ಲಾಗಿ ನಿಂತಿತು. ಒಂದರ ಮೂಲೆಗಳು ಸವೆದು ಪಾನಾ ಜಾರತೊಡಗಿತು. ಪಕ್ಕದ ಹೊಲದ ಬೋರಿನ ಹತ್ತಿರ ಒಂದು ಕಬ್ಬಿಣದ ಪೈಪು ಬಿದ್ದಿತ್ತು. ಅದನ್ನು ತಂದು ಪಾನಾದ ಹಿಡಿಗೆ ತೂರಿಸಿ, ಎರಡೂ ಕಾಲಿಟ್ಟು ಹತ್ತಿ ನಿಂತೆ. ಕಾರಿನ ಮೇಲೆ ಕೈ ಊರಿ ಒಂದೆರಡು ಸಲ ಕುಣಿದೆ. ನನಗಾಗ ನಲವತ್ತನಾಲ್ಕು, ಮೈಯೂ ಬಂದಿತ್ತು.

ಒಬ್ಬ ಕುರಿಗಾಹಿ ಹಿಂಡು ಹೊಡೆದುಕೊಂಡು ಬಂದವನು ನಿಂತ. ಕುರಿಗಳು ಕಾರಿನ ಸುತ್ತ ಹರಿದು ಹೋದವು. ಅವನು ಕಂಬಳಿ ಸರಿಮಾಡಿಕೊಂಡು ಸ್ವಲ್ಪ ಹೊತ್ತು ನನ್ನ ಕುಣಿತ ನೋಡಿ, "ಅಟ್ಲ ಕಾದನ್ನಾ, ಇಟ್ಲ ತಿಪ್ಪು" ಎಂದು ಕೈಯನ್ನು ಎಡಕ್ಕೆ ತಿರುವಿ ತೋರಿಸಿದ. ಗಾಲಿಯನ್ನೇ ಮುಟ್ಟದವನೂ ನನಗೆ ದಿಕ್ಕು ಹೇಳುವಂತಾಯಿತಲ್ಲ ಎಂದು ತಲೆ ಕೆಟ್ಟುಹೋಯಿತು. "ನೀ ಪನಿ ನುವ್ವು ಚೂಸ್ಕೋ ಪೋ", ನಿನ್ನ ಕೆಲಸ ನೋಡಿಕೊಂಡು ಹೋಗು ಎಂದು ನಾನೂ ತೆಲುಗಿನಲ್ಲೇ ಕೂಗಿದೆ. ಅವನು ತಮ್ಮನ ಕಡೆ ನೋಡಿ ನಕ್ಕು, ಕುರಿಗಳ ಹಿಂದೆ ಹೋದ. ತಮ್ಮ ನಗಲಿಲ್ಲ. ನೆಲ ನೋಡುತ್ತಿದ್ದ.

ನಾನು ಮತ್ತೆ ಪೈಪು ಹತ್ತಿದೆ. ಟಣ್ ಎಂದು ಸದ್ದಾಗಿ ಪಾನಾ ಕಳಚಿ ಬಿತ್ತು, ನಾನೂ ಮಂಡಿಯೂರಿ ಬಿದ್ದೆ. ಬೋಲ್ಟು ಮುರಿದಿತ್ತು. ನಟ್ಟು ತನ್ನೊಳಗೆ ಬೋಲ್ಟಿನ ತುಂಡನ್ನು ಕಚ್ಚಿಕೊಂಡು ಮಣ್ಣಲ್ಲಿ ಬಿದ್ದಿತ್ತು. ಎತ್ತಿ ನೋಡಿದೆ. ತುದಿಯಲ್ಲಿ ಬೆರಳ ಅಗಲದಷ್ಟು ಥ್ರೆಡ್ ಹೊರಗೆ ಕಾಣುತ್ತಿತ್ತು. ಅದು ಬಲಕ್ಕೆ ಏರಿತ್ತು. ಉಲ್ಟಾ ಥ್ರೆಡ್ ಆಗಿದ್ದರೆ ಎಡಕ್ಕೆ ಏರಬೇಕಿತ್ತು.

ಗೊತ್ತಾಯಿತು. ಇದನ್ನು ಮುಚ್ಚಿಡುವುದಿಲ್ಲ. ಆ ಕ್ಷಣದಲ್ಲೇ ಪೂರ್ತಿ ಗೊತ್ತಾಯಿತು. ಕಾರಿಗೆ ಜೀಪಿನ ಲೆಕ್ಕ ಇಲ್ಲ, ಅರ್ಧ ಗಂಟೆಯಿಂದ ನಾನು ಬಿಚ್ಚುತ್ತಿಲ್ಲ, ಬಿಗಿಯುತ್ತಿದ್ದೇನೆ. ಗಂಟೆ ಹನ್ನೊಂದೂಕಾಲು. ಉಳಿದ ಮೂರು ನಟ್ಟುಗಳನ್ನು ಎಡಕ್ಕೆ ತಿರುವಲು ಆಗಲೇ ಶುರು ಮಾಡಿದ್ದರೆ ಹನ್ನೆರಡರೊಳಗೆ ಹೊಸ್ತಿಲು ದಾಟುತ್ತಿದ್ದೆವು. ಆದರೆ ತಮ್ಮ ನೋಡುತ್ತಿದ್ದ. ಮುರಿದ ತುಂಡನ್ನು ಜಾಲಿ ಗಿಡಗಳ ಒಳಕ್ಕೆ ಎಸೆದು, "ಜಂಗು ಹಿಡಿದೈತಿ. ಎಲ್ಲಾ ಜಾಮ್" ಅಂದೆ.

ಅಷ್ಟರಲ್ಲಿ ಅತ್ತೆ ರಸ್ತೆ ದಾಟಿ ಬಂದಳು. "ಹುಡುಗಿ ಅಪ್ಪಗ ಫೋನ್ ಮಾಡಿದ್ನೆಪ್ಪಾ. ಅವರ ಬರಾಕತ್ಯಾರ ಗಾಡಿ ಮ್ಯಾಲ, ಸಾಮಾನು ತಗಂಡು" ಅಂದಳು. ನಿನಗ್ಯಾರು ಮಾಡು ಅಂದರು ಎಂದು ಅವಳ ಮೇಲೆ ಹಾರಿದೆ. ಟ್ರ್ಯಾಕ್ಟರ್ ಇಟ್ಟವನು ಬರುತ್ತಾನೆ, ನಟ್ಟು ನೋಡುತ್ತಾನೆ, ಹತ್ತು ಎಣಿಸುವುದರೊಳಗೆ ಅವನಿಗೆ ತಿಳಿಯುತ್ತದೆ. ಪಂಕ್ಚರ್ ಅಂಗಡಿಯವನಿಗೆ ನಾನು ಮಾಡಿದ್ದನ್ನು ನನಗೆ ಇವರು ಮಾಡುತ್ತಾರೆ.

ನಾನು ಸೊಂಟ ಹಿಡಿದುಕೊಂಡೆ. "ನಂಗ ಆಗ್ವಲ್ದು. ನೀ ಒಂದು ಕೈ ನೋಡು" ಎಂದು ತಮ್ಮನಿಗೆ ಪಾನಾ ಕೊಟ್ಟೆ.

ಅವನು ಪಾನಾ ತೆಗೆದುಕೊಂಡು ಗಾಲಿಯ ಮುಂದೆ ಕುಕ್ಕುರುಗಾಲಲ್ಲಿ ಕೂತ. ನನ್ನ ಮುಖ ನೋಡಿದ. ಯಾವ ಕಡೆಗೆ ಎಂದು ಬಾಯಿಬಿಟ್ಟು ಕೇಳಲಿಲ್ಲ, ಆದರೂ ಕೇಳಿದ. "ನಾ ತಿರುವಿದ ಕಡಿಗೇ ತಿರುವು" ಅಂದೆ.

ತಿರುವಿದ. ಅವನು ಬಲ ಹಾಕಲಿಲ್ಲ, ಹಾಕಿದವನಂತೆ ಮಾಡಿದ, ಅದು ನನಗೆ ಕಾಣುತ್ತಿತ್ತು. ನನ್ನ ಹೆಂಡತಿ ಮರದ ಕೆಳಗೆ ಎದ್ದು ನಿಂತು ನಮ್ಮಿಬ್ಬರನ್ನೇ ನೋಡುತ್ತಿದ್ದಳು. ಬಿಳಿ ಅಂಗಿಯ ತೋಳಿಗೆ ಗ್ರೀಸು ಹತ್ತಿತು, ಆಮೇಲೆ ಎದೆಗೂ ಹತ್ತಿತು. ಮೋಟರ್ ಸೈಕಲ್ಲಿನ ಸದ್ದು ಹತ್ತಿರ ಬಂದಾಗ ಅವನು ಏಳಲು ಹೋದ. "ನಿಲ್ಲಿಸಬ್ಯಾಡ, ತಿರುವು" ಅಂದೆ.

ಹುಡುಗಿಯ ಅಪ್ಪ ಗಾಡಿ ನಿಲ್ಲಿಸಿ ನೇರ ಗಾಲಿಯ ಹತ್ತಿರ ಬಂದರು. ಕಪ್ಪಗೆ, ಗಟ್ಟಿ ಆಳು, ಹೆಗಲ ಮೇಲೆ ಟವೆಲ್ಲು. ನಮಸ್ಕಾರಕ್ಕೂ ಮೊದಲು ಅವರು ನೋಡಿದ್ದು ತಮ್ಮನ ಕೈ ಯಾವ ಕಡೆಗೆ ಹೋಗುತ್ತಿದೆ ಎಂಬುದನ್ನು.

"ಏನಪ್ಪ ಇದು, ಉಲ್ಟಾ ತಿರುಗುಸ್ತಾ ಇದ್ದೀಯಲ್ಲ. ಬಿಚ್ತಾ ಇದ್ದೀಯೋ ಬಿಗೀತಾ ಇದ್ದೀಯೋ?" ಅಂದರು. ಮುರಿದ ಬೋಲ್ಟಿನ ಜಾಗ ನೋಡಿ, "ಅಯ್ಯೋ, ಒಂದು ಮುರ್ದೂ ಹಾಕವ್ನೆ" ಎಂದು ನನ್ನ ಕಡೆ ತಿರುಗಿದರು. "ಯಜಮಾನ್ರೆ, ನೀವು ಜೀಪ್ ಓಡ್ಸಿದೋರಂತೆ, ಹೇಳ್‌ಬಾರ್ದಾ?"

ಎಲ್ಲರೂ ನನ್ನನ್ನೇ ನೋಡಿದರು. ತಮ್ಮನೂ ನೋಡಿದ.

"ಹೇಳಿದೆರಿ. ಹತ್ತು ಸಲ ಹೇಳಿದೆ. ಕೇಳವಲ್ಲ" ಅಂದೆ.

ಬಹಳ ಸಲೀಸಾಗಿ ಬಂತು ಆ ಮಾತು. ತಮ್ಮ ಪಾನಾ ಕೆಳಗಿಟ್ಟು ಎದ್ದು ನಿಂತು, ಗ್ರೀಸಾದ ಕೈಗಳನ್ನು ಮೈಗೆ ತಾಗದಂತೆ ದೂರ ಹಿಡಿದುಕೊಂಡ. ಅವನು ಬಾಯಿ ಬಿಡುತ್ತಾನೆ ಅಂದುಕೊಂಡೆ. ಬಿಟ್ಟರೆ ಏನು ಅನ್ನಬೇಕು ಎಂಬುದನ್ನೂ ಸಿದ್ಧ ಮಾಡಿಕೊಂಡಿದ್ದೆ. ಬಿಡಲಿಲ್ಲ.

ಹುಡುಗಿಯ ಅಪ್ಪ ಟವೆಲ್ಲನ್ನು ತಲೆಗೆ ಸುತ್ತಿ ಕೆಲಸಕ್ಕೆ ಕೂತರು. ಬಾಟಲಿಯಲ್ಲಿ ತಂದಿದ್ದ ಡೀಸೆಲ್ಲನ್ನು ಮೂರು ನಟ್ಟುಗಳ ಬುಡಕ್ಕೆ ಹನಿಸಿ ಸ್ವಲ್ಪ ಹೊತ್ತು ಬಿಟ್ಟರು. ಹ್ಯಾಂಡ್‌ಬ್ರೇಕ್ ಎಳೆಸಿದರು, ಗಾಲಿ ನೆಲದ ಮೇಲೇ ಇರಲಿ, ಈಗಲೇ ಜಾಕಿ ಏರಿಸಬೇಡಿ ಅಂದರು. ಸುತ್ತಿಗೆಯಿಂದ ಒಂದೊಂದು ನಟ್ಟಿನ ತಲೆಗೂ ಟಕ್ ಟಕ್ ಎಂದು ಬಡಿದರು. ಮೂಲೆ ಸವೆದದ್ದಕ್ಕೆ ಒಂದು ಅಳತೆ ಕಡಿಮೆಯ ಪಾನಾವನ್ನು ಬಡಿದು ಕೂರಿಸಿದರು. ಪೈಪನ್ನು ಹಿಡಿಗೆ ತೂರಿಸಿ ಎಡಕ್ಕೆ ಒಂದೇ ಸಮನೆ ಒತ್ತಿದರು, ಕುಣಿಯಲಿಲ್ಲ. ನಟ್ಟು ಕಿರ್ರೆಂದು ಸಡಿಲವಾಯಿತು. ಪ್ರತಿ ನಟ್ಟು ಬಂದಾಗಲೂ ತಮ್ಮನಿಗೆ ತೋರಿಸಿ, "ಇಂಗೆ. ನೋಡ್ಕೊ. ಇಂಗೆ" ಅನ್ನುತ್ತಿದ್ದರು. ಅರವತ್ತು ಮಿಷಿನ್ನುಗಳ ಸ್ಕ್ರೂ ಗೊತ್ತಿರುವವನು ಹೂಂ, ಹೂಂ ಅನ್ನುತ್ತಿದ್ದ.

ಸ್ಟೆಪ್ನಿಯನ್ನು ಮೂರೇ ನಟ್ಟುಗಳ ಮೇಲೆ ಕೂರಿಸಿಕೊಂಡು ನಿಧಾನಕ್ಕೆ ಮಡಕಶಿರಾ ಮುಟ್ಟುವಾಗ ಹನ್ನೆರಡು ದಾಟಿತ್ತು. ರಾಹುಕಾಲದಲ್ಲಿ ಹೊಸ್ತಿಲು ದಾಟಲು ಅತ್ತೆ ಒಪ್ಪಲಿಲ್ಲ. ಅವರ ಮನೆಯ ಎದುರಿಗೇ ಕಾರಿನೊಳಗೆ ಒಂದೂವರೆಯವರೆಗೆ ಕೂತೆವು. ಓಣಿಯ ಹೆಂಗಸರು ಬಾಗಿಲಿಗೆ ಬಂದು ಹುಡುಗ ಯಾರು ಎಂದು ಇಣುಕಿ, ಅವನ ಅಂಗಿ ನೋಡಿ ಒಳಗೆ ಹೋದರು. ಹುಡುಗಿಯ ಅಪ್ಪನೇ ಮಜ್ಜಿಗೆ ತಂದು ಕಿಟಕಿಯೊಳಗೆ ಕೊಟ್ಟರು. ನನ್ನ ಹೆಂಡತಿ ಬಾಟಲಿ ನೀರು ಕರ್ಚೀಫಿಗೆ ಹಾಕಿ ತಮ್ಮನ ಎದೆಯ ಮೇಲಿನ ಕಲೆ ಒರೆಸಿದಳು. ಕಲೆ ಇನ್ನೂ ಅಗಲವಾಯಿತು.

ಒಳಗೆ ಹೋಗಿ ಚಾಪೆಯ ಮೇಲೆ ಕೂತೆವು. ಉಪ್ಪಿಟ್ಟು, ಕೇಸರಿಬಾತು ಬಂತು. ಹುಡುಗಿಯ ಅಪ್ಪ ಅಲ್ಲಿ ಸೇರಿದ್ದ ನೆಂಟರಿಗೆ ನಟ್ಟಿನ ಕಥೆ ಹೇಳಿದರು. ಅವರಲ್ಲಿ ಕೆಟ್ಟತನವಿರಲಿಲ್ಲ, ಹಳ್ಳಿಯ ಮನುಷ್ಯರು ಕಾಲೆಳೆಯುವ ರೀತಿಯೇ ಹಾಗೆ. "ಮಿಷಿನ್ ಮೆಕ್ಯಾನಿಕ್ಕು ಅಂದ್ರಪ್ಪ. ನಟ್ಟು ಯಾವ ಕಡಿಕೆ ತಿರುಗ್ತೈತೆ ಅಂತ ನಾನು ತೋರುಸ್ಬೇಕಾಯ್ತು" ಅಂದರು. ಎಲ್ಲರೂ ನಕ್ಕರು. ಎಲ್ಲರಿಗಿಂತ ಜೋರಾಗಿ ನಾನು ನಕ್ಕೆ. ಕಾಫಿ ಹಿಡಿದು ನಿಂತಿದ್ದ ಹುಡುಗಿ ಮಾತ್ರ ನಗಲಿಲ್ಲ. ಅವಳು ನನ್ನ ಪ್ಯಾಂಟಿನ ಮಂಡಿಗೆ ಮೆತ್ತಿದ್ದ ಮಣ್ಣನ್ನೂ ತಮ್ಮನ ಅಂಗಿಯನ್ನೂ ನೋಡಿದಳು. ನಾನು ಕಾಲು ಮಡಚಿಕೊಂಡೆ.

ಇಬ್ಬರೂ ಐದು ನಿಮಿಷ ಮಾತಾಡಿಕೊಳ್ಳಲಿ ಎಂದು ಪಕ್ಕದ ಕೋಣೆಗೆ ಕಳಿಸಿದರು. ಬಾಗಿಲು ತೆರೆದೇ ಇತ್ತು. ಅಲ್ಲಿ ಅವಳ ಹೊಲಿಗೆ ಮಿಷಿನ್ನಿತ್ತು. ದಾರ ಪದೇ ಪದೇ ಕಡಿಯುತ್ತೆ ಎಂದು ಅವಳು ಅಂದದ್ದು ಕೇಳಿಸಿತು. ಆಮೇಲೆ ಸ್ಕ್ರೂಡ್ರೈವರ್ ಕೇಳಿದ ತಮ್ಮನ ದನಿ, ಆಮೇಲೆ ಮಿಷಿನ್ ಓಡಿದ ಸದ್ದು. ತುಂಡು ತುಂಡಾಗದೆ ಒಂದೇ ಉಸಿರಿಗೆ ಓಡಿತು. ಅವಳು ಏನೋ ಅಂದಳು, ಅವನು ನಕ್ಕ. ನನ್ನ ತಮ್ಮ ಹಾಗೆ ನಗುವುದನ್ನು ನಾನು ಅದಕ್ಕೂ ಮೊದಲು ಕೇಳಿರಲಿಲ್ಲ. ಮತ್ತೆ ಕಡಿದರೆ ಕೇಳುವುದಕ್ಕೆ ಎಂದು ಅವಳು ಅವನ ನಂಬರು ಬರೆದುಕೊಂಡಳು.

ಅವತ್ತು ರಾಯದುರ್ಗಕ್ಕೆ ಬಂದು ಕಾರಿನಿಂದ ಇಳಿಯುವಾಗ ಅವನು ನನ್ನ ಹತ್ತಿರ ಬಂದು, "ಛಲೋ ಅದಾಳಣ್ಣ" ಅಂದ. ಅಷ್ಟೇ. ನಟ್ಟಿನ ಮಾತು ಎತ್ತಲಿಲ್ಲ. ನನಗೆ ಹಾಯೆನಿಸಬೇಕಿತ್ತು. ಬದಲಿಗೆ ಸಿಟ್ಟು ಬಂತು.

ಭಾನುವಾರ ಅವನೇ ಹೊಸ ಬೋಲ್ಟು ತಂದು ಮನೆಯ ಮುಂದೆ ಗಾಲಿ ಬಿಚ್ಚಿದ. ಎಡಕ್ಕೆ ತಿರುವಿ ಬಿಚ್ಚಿದ. ನಾನು ಕಟ್ಟೆಯ ಮೇಲೆ ಪೇಪರ್ ಹಿಡಿದು ಕೂತಿದ್ದೆ. ಅವನು ಒಮ್ಮೆಯೂ ನನ್ನ ಕಡೆ ನೋಡಲಿಲ್ಲ. ನೋಡಿದ್ದರೆ, ಒಂದು ಮಾತು ಚುಚ್ಚಿದ್ದರೆ, ಜಗಳವಾಡಿ ಮುಗಿಸಬಹುದಿತ್ತು. ಮುರಿದ ಬೋಲ್ಟಿನ ಬುಡವನ್ನು ಬಡಿದು ಹೊರಗೆ ಹಾಕಿ, ಹೊಸದನ್ನು ಕೂರಿಸಿ, ಕೈ ತೊಳೆದುಕೊಂಡು ಒಳಗೆ ಹೋದ. ಇವನಿಗೆ ಎಷ್ಟು ಸೊಕ್ಕು ಅಂದುಕೊಂಡೆ. ನಾನು ತಪ್ಪು ಮಾಡಿದ್ದೇನೆ ಎಂದು ಗೊತ್ತಿರುವ ಮನುಷ್ಯ ಒಂದೇ ಸೂರಿನಡಿ ಸುಮ್ಮನೆ ಓಡಾಡಿಕೊಂಡಿರುವುದನ್ನು ನನ್ನಿಂದ ತಡೆಯಲಾಗುತ್ತಿರಲಿಲ್ಲ.

ಮಂಗಳವಾರ ಸಂಜೆ ಹುಡುಗಿಯ ಅಪ್ಪನ ಫೋನು ಬಂತು. ತಮ್ಮ ಇನ್ನೂ ಯೂನಿಟ್ಟಿನಿಂದ ಬಂದಿರಲಿಲ್ಲ.

"ಯಜಮಾನ್ರೆ, ಹುಡ್ಗಿಗೆ ಒಪ್ಗೆ ಐತೆ. ಮನೇಲೂ ಒಪ್ಗೆನೇ. ನಂಗೊಂದೇ ಅನುಮಾನ" ಅಂದರು. "ನಟ್ಟು ಬಿಚ್ಚಕ್ಕೆ ಬರ್ದಿದ್ರೆ ಬುಡಿ, ಕಲಿತಾನೆ. ಆದ್ರೆ ನೀವು ಹತ್ತು ಸಲ ಹೇಳಿದ್ರೂ ಕೇಳ್ಲಿಲ್ಲ ಅಂದ್ರಲ್ಲ. ತಂದೆ ಸಮಾನ ನೀವು. ನಿಮ್ ಮಾತೇ ಕೇಳ್ದೇ ಇರೋನು ನಾಳೆ ನನ್ ಮಗಳ ಮಾತು ಕೇಳ್ತಾನಾ? ಯಾವಾಗ್ಲೂ ಅಂಗೇನಾ ಅವ್ನು? ನೀವು ಒಂದು ಮಾತು ಹೇಳಿ. ನಿಮ್ ಮಾತಿನ ಮ್ಯಾಲೆ ನಾನು ಹೋಗ್ತೀನಿ."

ತಿರುವಿದ್ದು ನಾನ್ರಿ. ಇಷ್ಟು ಅಂದಿದ್ದರೆ ಸಾಕಿತ್ತು. ಅವರು ನಗುತ್ತಿದ್ದರು, ಇನ್ನೊಂದು ತಿಂಗಳಿಗೆ ಮದುವೆ ಆಗುತ್ತಿತ್ತು. ಆದರೆ ಆ ನಗು ನನಗೆ ಆಗಲೇ ಕೇಳಿಸುತ್ತಿತ್ತು. ಮದುವೆಯ ಪಂಕ್ತಿಯಲ್ಲಿ ಕೇಳಿಸಿತು, ಜೀಪ್ ಸ್ಟ್ಯಾಂಡಿನಲ್ಲಿ ಕೇಳಿಸಿತು. ಪಂಕ್ಚರ್ ಅಂಗಡಿಯವನು ಎಲ್ಲಿದ್ದಾನೋ ಅಲ್ಲಿಂದಲೂ ಕೇಳಿಸಿತು.

"ಸಣ್ಣಾಗಿಂದ ಹಠ ಸ್ವಲ್ಪ ಜಾಸ್ತಿರಿ ಅವಂಗ" ಅಂದೆ. "ನನ್ನ ಮಾತು ಎಂದೂ ಕೇಳಿದೋನಲ್ಲ."

ಆ ಕಡೆ ನಿಟ್ಟುಸಿರು ಕೇಳಿಸಿತು. "ಇದ್ದಿದ್ದು ಇದ್ದಂಗೆ ಹೇಳಿದ್ರಿ. ಸ್ವಂತ ತಮ್ಮ ಅಂತಾನೂ ಮುಚ್ಚಿಡ್ಲಿಲ್ಲ. ದೊಡ್ಡೋರು ನೀವು" ಎಂದು ಫೋನು ಇಟ್ಟರು.

ನನ್ನ ಹೆಂಡತಿ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. "ಏನ್ ಅಂದ್ರಿ ಈಗ ನೀವು ಅವ್ರಿಗೆ?" ಅಂದಳು. "ನಿನ್ನ ಕೆಲ್ಸ ನೋಡ್ಕ" ಅಂದೆ. ಅವಳು ಒಳಗೆ ಹೋದಳು. ಆ ರಾತ್ರಿ ನನಗೆ ಊಟ ಬಡಿಸಿದವಳು ಅತ್ತೆ.

ಮರುದಿನ ಬೆಳಿಗ್ಗೆ ತಮ್ಮ ಕೆಲಸಕ್ಕೆ ಹೊರಟು, ಚಪ್ಪಲಿ ಹಾಕಿಕೊಂಡವನು ಹೋಗದೆ ಬಾಗಿಲಲ್ಲೇ ನಿಂತ. "ಅಣ್ಣಾ, ಮಡಕಶಿರಾದಿಂದ ಫೋನ್ ಬಂದಿತ್ತೇನು?" ಅಂದ.

"ಬಂದಿತ್ತು. ಹುಡುಗಿ ಒಲ್ಲೆ ಅಂದ್ಳಂತ" ಅಂದೆ. ಹೇಳುವಾಗ ಪೇಪರ್ ಕೆಳಗಿಳಿಸಲಿಲ್ಲ.

ಹೋದನೇನೋ ಎಂದು ಪೇಪರ್ ಸರಿಸಿ ನೋಡಿದೆ. ಅಲ್ಲೇ ಇದ್ದ. ನನ್ನನ್ನೇ ನೋಡುತ್ತಿದ್ದ.

"ಮೊನ್ನಿ ಸಂಜಿ ಆಕಿನ ಫೋನ್ ಮಾಡಿದ್ಳಣ್ಣ" ಅಂದ. "ನನಗ ಒಪ್ಪಿಗಿ ಐತಿ, ನಮ್ಮಪ್ಪ ನಿಮ್ಮಣ್ಣನ್ನ ಏನೋ ಕೇಳಬೇಕಂತಾರ, ಅದೊಂದು ಆದ್ರ ಆತು ಅಂದ್ಳು."

ಮೈಯೆಲ್ಲ ಬೆಂಕಿ ಬಿದ್ದಂತಾಯಿತು. ಅದು ನಾಚಿಕೆ ಎಂದು ಈಗ ಗೊತ್ತು. ಆಗ ಬಾಯಿಂದ ಸಿಟ್ಟಾಗಿಯೇ ಹೊರಗೆ ಬಂತು. "ಹಂಗಾದ್ರ ನಾ ಸುಳ್ಳು ಹೇಳಾಕತ್ತೀನಾ? ಆ ಮನಿ ಸಂಬಂಧ ಮುಗೀತು. ಇನ್ನ ಆಕಿ ಫೋನ್ ನೀ ಎತ್ತಂಗಿಲ್ಲ" ಎಂದು ಕೂಗಿದೆ. ಬೀದಿಯಲ್ಲಿ ಹೋಗುವವರು ತಿರುಗಿ ನೋಡಿದರು.

"ಆತಣ್ಣ" ಅಂದ.

ಆಮೇಲೆ ಒಂದು ವಾರ ದಿನವೂ ಸಂಜೆ ಅವನ ಫೋನು ರಿಂಗಾಗುತ್ತಿತ್ತು. ನಾವೆಲ್ಲ ಪಡಸಾಲೆಯಲ್ಲೇ ಇರುತ್ತಿದ್ದೆವು. ಅವನು ಅದನ್ನು ಮುಂದಿಟ್ಟುಕೊಂಡು, ರಿಂಗಾಗಿ ನಿಲ್ಲುವ ತನಕ ನೋಡುತ್ತಾ ಕೂರುತ್ತಿದ್ದ. ಎತ್ತಲಿಲ್ಲ. ನನ್ನ ತಮ್ಮ ಹಿರಿಯರ ಮಾತು ಮೀರುವವನಲ್ಲ.